ಮಾಶಿಕೊದಲ್ಲಿ ಕಾಡು ಮೊದಲು, ಮಡಕೆ ಆಮೇಲೆ

ಟೋಕಿಯೊದಿಂದ ಒಂದೇ ದಿನದಲ್ಲಿ ಹೋಗಿ ಬರಬಹುದಾದ ಊರುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಮಾಶಿಕೊ. ತೊಚಿಗಿ ಪ್ರಾಂತ್ಯದ ಕುಂಬಾರರ ಊರು ಇದು. ಬಂದವರಲ್ಲಿ ಹೆಚ್ಚಿನವರು ಅಂಗಡಿ ಬೀದಿ ಸುತ್ತಿ, ಒಂದೆರಡು ಬಟ್ಟಲು ಕೊಂಡು ವಾಪಸ್ ಹೊರಡುತ್ತಾರೆ. ಆದರೆ ಊರಿನ ಬೆನ್ನಿಗೇ ಕಾಡಿದೆ. ಅದನ್ನು ಹತ್ತಿ, ಇನ್ನೊಂದು ಕಡೆ ಇಳಿದು, ಮತ್ತೆ ಊರಿಗೇ ಬಂದು ಸೇರುವ ದಾರಿ ಇದೆ. ಬೆಳಿಗ್ಗೆ ಕಾಡು ಸುತ್ತಿ, ಮಧ್ಯಾಹ್ನ ಅಂಗಡಿಗೆ ಹೋಗಿ. ಮಡಕೆ ಹೊತ್ತು ಗುಡ್ಡ ಹತ್ತುವ ಕಷ್ಟ ತಪ್ಪುತ್ತದೆ. ಅದಕ್ಕಿಂತ ಹೆಚ್ಚಾಗಿ, ಇಲ್ಲಿನ ಪಾತ್ರೆಗಳು ಈ ಗುಡ್ಡಗಳ ಮಣ್ಣಿನಿಂದ, ಪೈನ್ ಸೌದೆಯ ಬೆಂಕಿಯಿಂದ ಹುಟ್ಟಿದವು. ನಡೆದು ಬಂದ ಮೇಲೆ ಅವನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ.

ಹೋಗುವುದು ಹೇಗೆ? ಶಿಂಕನ್‌ಸೆನ್ ಎಂಬ ಅತಿವೇಗದ ರೈಲಿನಲ್ಲಿ ಉತ್ಸುನೊಮಿಯಾ ನಗರ ತಲುಪಿ, ಅಲ್ಲಿಂದ ಬಸ್ಸಿನಲ್ಲಿ ಸುಮಾರು ಒಂದು ಗಂಟೆ. ಅಥವಾ ಒಯಾಮಾ, ಶಿಮೊದಾತೆ ಮೂಲಕ ಮೊಒಕಾ ರೈಲು. ಇದು ಗದ್ದೆಗಳ ನಡುವೆ ಓಡುವ ಚಿಕ್ಕ ಡೀಸೆಲ್ ರೈಲು. ವಾರದ ಕೊನೆಯಲ್ಲಿ ಇದೇ ಹಳಿಯ ಮೇಲೆ ಉಗಿಬಂಡಿಯೂ ಓಡುತ್ತದೆ. ಮಕ್ಕಳಿದ್ದರೆ ಅದನ್ನೇ ಆರಿಸಿಕೊಳ್ಳಿ. ಅಕಿಹಬಾರದಿಂದ ನೇರ ಹೈವೇ ಬಸ್ಸು ಕೂಡ ಇದೆ. ಯಾವುದರಲ್ಲೇ ಹೋದರೂ ಬೇಗ ಹೊರಡಿ, ವಾಪಸ್ ಬರುವ ಗಾಡಿಯ ಸಮಯವನ್ನು ಮೊದಲೇ ನೋಡಿಟ್ಟುಕೊಳ್ಳಿ. ಇಲ್ಲಿ ಟೋಕಿಯೊದ ಹಾಗೆ ನಿಮಿಷಕ್ಕೊಂದು ರೈಲು ಸಿಗುವುದಿಲ್ಲ.

ದಿನ ಆರಿಸುವಾಗ ಸ್ವಲ್ಪ ಯೋಚಿಸಿ. 1966ರಿಂದ ಇಲ್ಲಿ ಮಡಕೆ ಸಂತೆ ನಡೆಯುತ್ತಿದೆ. ಈಗ ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆ–ಮೇ ಮೊದಲ ವಾರದ ಸಾಲು ರಜೆಯಲ್ಲಿ ಮತ್ತು ನವೆಂಬರ್ ಆರಂಭದಲ್ಲಿ. ಕೊಳ್ಳಲಿಕ್ಕೆ ಅದು ಹಬ್ಬವೇ, ಆದರೆ ನಡಿಗೆಗೆ ಆ ದಿನಗಳು ಬೇಡ. ಬಸ್ಸಿನಲ್ಲಿ, ರಸ್ತೆಯಲ್ಲಿ ಜನವೋ ಜನ. ಜೂನ್–ಜುಲೈ ಮಳೆಯಲ್ಲಿ ದಾರಿ ಜಾರುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸುಗಿ ಎಂಬ ಜಪಾನಿ ದೇವದಾರು ಮರದ ಪರಾಗ ಗಾಳಿಯಲ್ಲಿ ತುಂಬಿರುತ್ತದೆ. ಅಲರ್ಜಿ ಇದ್ದವರು ಮಾಸ್ಕ್ ಇಟ್ಟುಕೊಳ್ಳಿ. ನನ್ನ ಆಯ್ಕೆ ಸಂತೆ ಮುಗಿದ ನಂತರದ ನವೆಂಬರ್. ಆಗ ಎಲೆಗಳೆಲ್ಲ ಕೆಂಪು, ಹಳದಿ. ಆದರೆ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ, ಮರದ ಕೆಳಗೆ ಅದಕ್ಕೂ ಮೊದಲೇ ಕತ್ತಲು. ಸಣ್ಣ ಟಾರ್ಚ್ ಇರಲಿ.

ಸ್ಟೇಷನ್ನಿನಿಂದ ಪೂರ್ವಕ್ಕೆ ಮುಖ್ಯ ಬೀದಿ ಹಿಡಿದರೆ ಜೊನಾಯ್‌ಜಾಕಾ ಎಂಬ ಏರು ಬೀದಿ ಸಿಗುತ್ತದೆ. ಅಂಗಡಿಗಳೆಲ್ಲ ಇಲ್ಲೇ. ಬಟ್ಟೆಗೆ ನೀಲಿ ಬಣ್ಣ ಹಾಕುವ, ಹುಲ್ಲಿನ ಮಾಡಿನ ಹಳೆಯ ಕಾರ್ಯಾಗಾರವೂ ಇಲ್ಲಿದೆ. ಈಗ ಯಾವುದಕ್ಕೂ ನಿಲ್ಲದೆ ಮುಂದೆ ಹೋಗಿ, ಮಾಶಿಕೊ ನೊ ಮೊರಿ ಎಂಬ ಅರಣ್ಯ ಉದ್ಯಾನ ಸೇರಿ. ಅಲ್ಲಿಂದ ತಕದಾತೆ ಬೆಟ್ಟದ ಕಡೆಗೆ ಕಾಲುದಾರಿ. ಎತ್ತರ ಬರೀ 300 ಮೀಟರ್ ಚಿಲ್ಲರೆ, ಆದರೆ ಕೆಲವು ಕಡೆ ಏರು ಚುರುಕಾಗಿದೆ. ಒಣಗಿದ ಎಲೆಗಳ ಅಡಿಯಲ್ಲಿ ಬೇರುಗಳು ಅಡಗಿರುತ್ತವೆ. ಒಳ್ಳೆಯ ಹಿಡಿತದ ಶೂ ಸಾಕು, ದೊಡ್ಡ ಬೂಟು ಬೇಕಿಲ್ಲ. ಕವಲುಗಳಲ್ಲಿ ಫಲಕಗಳಿವೆ, ಹೆಚ್ಚಿನವು ಜಪಾನಿ ಲಿಪಿಯಲ್ಲಿ. ಬೆಟ್ಟ ಮತ್ತು ದೇವಸ್ಥಾನದ ಹೆಸರುಗಳ ಚಿತ್ರವನ್ನು ಫೋನಿನಲ್ಲಿಟ್ಟುಕೊಂಡು ಹೋಲಿಸಿ ನೋಡಿ. ಶರತ್ಕಾಲದಲ್ಲಿ ದೊಡ್ಡ ಕಣಜದ ಹುಳುಗಳಿರುತ್ತವೆ. ಕಂಡರೆ ಕೈ ಬೀಸಬೇಡಿ, ನಿಧಾನವಾಗಿ ಹಿಂದೆ ಸರಿಯಿರಿ.

ತುದಿಯಲ್ಲಿ ಒಂದು ಕಾಲಕ್ಕೆ ಮಾಶಿಕೊ ಮನೆತನದ ಕೋಟೆಯಿತ್ತು. ಇನ್ನೊಂದು ಬದಿಗೆ ಇಳಿದರೆ ಸಾಯ್‌ಮ್ಯೊಜಿ. ಇಲ್ಲಿ ಆತುರ ಬೇಡ. 737ರಲ್ಲಿ ಶುರುವಾಯಿತೆಂದು ಹೇಳುವ ಬೌದ್ಧ ದೇವಸ್ಥಾನ ಇದು. ಹೆಬ್ಬಾಗಿಲು 1492ರದ್ದು, ಮೂರು ಅಂತಸ್ತಿನ ಗೋಪುರ 1538ರದ್ದು. ಎರಡೂ ಮರದವು, ಎರಡಕ್ಕೂ ದಟ್ಟ ಹಸಿರಿನ ಹಿನ್ನೆಲೆ. ನನಗೆ ಅತಿ ಹೆಚ್ಚು ಹಿಡಿಸಿದ್ದು ಎನ್ಮಾನ ಗುಡಿ. ಎನ್ಮಾ ಅಂದರೆ ನಮ್ಮ ಯಮನೇ, ಭಾರತದಿಂದ ಚೀನಾ ದಾಟಿ ಇಲ್ಲಿಯವರೆಗೆ ಬಂದವನು. ಬೇರೆಲ್ಲ ಕಡೆ ಕಣ್ಣು ಕೆಕ್ಕರಿಸಿ ಕೂರುವ ಈ ದೇವರು ಇಲ್ಲಿ ಬಾಯಿ ತೆರೆದು ನಗುತ್ತಾನೆ! ಆ ನಗು ನೋಡಲಿಕ್ಕಾದರೂ ಬೆಟ್ಟ ದಾಟಿ ಬರಬೇಕು.

ಊಟದ ಬಗ್ಗೆ ಒಂದು ಮಾತು. ಸೊಬಾ ಎಂಬ ನೂಡಲ್ಸ್‌ನ ಸಾರಿನಲ್ಲಿ ಸಾಮಾನ್ಯವಾಗಿ ಮೀನಿನ ರಸ ಇರುತ್ತದೆ. ಸಸ್ಯಾಹಾರಿಗಳು ಉತ್ಸುನೊಮಿಯಾದಲ್ಲೇ ಉಮೆ ಒನಿಗಿರಿ (ಹುಳಿ ಉಪ್ಪಿನಕಾಯಿ ಹಣ್ಣಿಟ್ಟ ಅನ್ನದ ಉಂಡೆ), ಹಣ್ಣು, ನೀರು ಕೊಂಡುಬಿಡಿ. ಕಸದ ಬುಟ್ಟಿ ಸಿಗುವುದು ಕಷ್ಟ, ಒಂದು ಚೀಲ ಜೊತೆಗಿರಲಿ.

ಊರಿಗೆ ಮರಳಿದ ಮೇಲೆ ಮೊದಲು ಸಂಕೊಕಾನ್ ಮ್ಯೂಸಿಯಂಗೆ ಹೋಗಿ. ಸೋಮವಾರ ಸಾಮಾನ್ಯವಾಗಿ ರಜೆ. ಇದು ಹೆಸರಾಂತ ಕುಂಬಾರ ಶೋಜಿ ಹಮಾದಾ ಬದುಕಿ, ಕೆಲಸ ಮಾಡಿದ ಜಾಗ. ಮಾಶಿಕೊದಲ್ಲಿ ಕುಂಬಾರಿಕೆ ಶುರುವಾದದ್ದು 1853ರ ಹೊತ್ತಿಗೆ. ಆಗ ಮಾಡುತ್ತಿದ್ದದ್ದು ನೀರಿನ ಹಂಡೆ, ಜಾಡಿಯಂಥ ಅಡುಗೆಮನೆ ಸಾಮಾನು. ಇಂಗ್ಲೆಂಡಿನಲ್ಲಿ ಕೆಲಸ ಮಾಡಿ ಬಂದ ಹಮಾದಾ 1924ರಲ್ಲಿ ಇಲ್ಲಿಗೆ ಬಂದು, ಇಲ್ಲಿನ ಒರಟು ಮಣ್ಣನ್ನೇ ನೆಚ್ಚಿಕೊಂಡರು. 1955ರಲ್ಲಿ ಸರ್ಕಾರ ಅವರನ್ನು ಜೀವಂತ ರಾಷ್ಟ್ರೀಯ ನಿಧಿ ಎಂದು ಗೌರವಿಸಿತು. ಇಳಿಜಾರಿನ ಮೇಲೆ ಕೋಣೆ ಕೋಣೆಯಾಗಿ ಏರುವ ಅವರ ಆವಿಗೆಯನ್ನು ತಪ್ಪದೆ ನೋಡಿ. 2011ರ ಭೂಕಂಪದಲ್ಲಿ ಅದು ಹಾನಿಗೊಂಡಿತ್ತು, ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಪಾತ್ರೆಗೆ ಹಚ್ಚುವ ಹೊಳಪಿನ ಲೇಪವೇ ಗ್ಲೇಜ್. ಕಾಕಿ ಎಂಬ ಕಿತ್ತಳೆ-ಕಂದು ಗ್ಲೇಜ್ ಹತ್ತಿರದ ಕಲ್ಲನ್ನು ಪುಡಿ ಮಾಡಿ ಬಂದದ್ದು. ಹಾಲಿನಂಥ ಬಿಳಿಗೆ ಭತ್ತದ ಹೊಟ್ಟಿನ ಬೂದಿ ಬೇಕು. ರೈಲಿನಿಂದ ಕಂಡ ಗದ್ದೆಗಳೂ ಬಟ್ಟಲಿನೊಳಗಿವೆ, ಅಲ್ವಾ?

ಈಗ ಅಂಗಡಿಗೆ ಹೋಗಿ. ಸಂಜೆ ಐದಕ್ಕೆಲ್ಲ ಬಾಗಿಲು ಹಾಕಲು ಶುರು ಮಾಡುತ್ತಾರೆ, ಅದಕ್ಕೆ ತಕ್ಕಂತೆ ನಡಿಗೆ ಮುಗಿಸಿ. ಕೆಲವು ಕಡೆ ತಿಗರಿಯಲ್ಲಿ ನೀವೇ ಪಾತ್ರೆ ಮಾಡಿ ನೋಡಬಹುದು, ಆದರೆ ಅದು ಅದೇ ದಿನ ಕೈಗೆ ಸಿಗದು. ಸುಟ್ಟು ಕಳಿಸಲು ವಾರಗಟ್ಟಲೆ ಬೇಕು. ಭಾರತಕ್ಕೆ ಕಳಿಸುತ್ತಾರಾ ಎಂದು ಮೊದಲೇ ಕೇಳಿ. ಕೊಂಡದ್ದನ್ನು ವಿಮಾನದಲ್ಲಿ ಕೈಚೀಲದಲ್ಲೇ ತನ್ನಿ. ಈ ಮಣ್ಣು ನೀರು ಹೀರುತ್ತದೆ. ಹಾಗಾಗಿ ಮನೆಗೆ ಬಂದ ಮೇಲೆ ಅಕ್ಕಚ್ಚಿನಲ್ಲಿ ಸಣ್ಣ ಉರಿಯ ಮೇಲೆ ಕುದಿಸಿ, ಅದರಲ್ಲೇ ಆರಲು ಬಿಟ್ಟು, ತೊಳೆದು ಒಣಗಿಸಿ ಬಳಸಿ. ಚಹಾ, ಸಾರಿನ ಕಲೆ ಅಷ್ಟಾಗಿ ಹಿಡಿಯುವುದಿಲ್ಲ.