ಹೊಗೆ ಕವಿದ ಫೋಟೋಗಳು

ಎರಡು ವಾರ ನನ್ನ ಫೋನಿನ ಫೋಟೋಗಳೆಲ್ಲ ಹೊಗೆ ತುಂಬಿದ ಕೋಣೆಯಲ್ಲಿ ತೆಗೆದ ಹಾಗಿದ್ದವು. ದೀಪದ ಸುತ್ತ ಬಿಳಿ ಗೆರೆಗಳು, ಮುಖಗಳಲ್ಲಿ ಕಳೆಯೇ ಇಲ್ಲ. ಕ್ಯಾಮೆರಾ ಕೆಟ್ಟಿತು ಅಂತಲೇ ತೀರ್ಮಾನಿಸಿದ್ದೆ. ಸೆಟ್ಟಿಂಗ್ಸ್ ರಿಸೆಟ್ ಮಾಡಿದೆ, ಅಪ್‌ಡೇಟ್ ಹಾಕಿದೆ, ಊಹೂಂ.

ಕೊನೆಗೆ ಫೋನನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಲೆನ್ಸ್ ಮೇಲೆ ನನ್ನದೇ ಬೆರಳಿನ ಜಿಡ್ಡು! ಆ ಪದರ ಬೆಳಕನ್ನು ಚದುರಿಸುತ್ತದೆ, ಅದಕ್ಕೇ ಕಾಂಟ್ರಾಸ್ಟ್, ಅಂದರೆ ಬೆಳಕು-ನೆರಳಿನ ವ್ಯತ್ಯಾಸ, ಸಾಯುತ್ತದೆ. ಕನ್ನಡಕದ ಬಟ್ಟೆಯಿಂದ ಒರೆಸಿದೆ. (ಇಷ್ಟು ದಿನ ಅಂಗಿಯ ತುದಿಯಿಂದ ಒರೆಸಿ ಒರೆಸಿ ಜಿಡ್ಡು ಹರಡಿದ್ದೂ ನಾನೇ, ಆ ಮಾತು ಬಿಡಿ.) ಲೆನ್ಸಿಗೆ ಅಂಟಿಸಿದ್ದ ಗಾಜಿನ ಕವಚವನ್ನೂ ಕಿತ್ತೆಸೆದೆ, ರಾತ್ರಿ ಒಂದು ದೀಪಕ್ಕೆ ಎರಡು ಬಿಂಬ ಮೂಡಿಸುತ್ತಿದ್ದುದು ಅದೇ.

ಮನೆಯೊಳಗಿನ ಮಸುಕು ಮಾತ್ರ ಉಳಿಯಿತು. ಅದು ಫೋನಿನ ತಪ್ಪಲ್ಲ. ಬೆಳಕು ಸಾಲದಾದಾಗ ಒಂದು ಚಿತ್ರಕ್ಕೆ ಸೆಕೆಂಡಿನ 1/10 ಭಾಗ ಹಿಡಿಯಬಹುದು. ಅಷ್ಟರಲ್ಲಿ ಓಡುವ ಮಗಳು ಒಂದು ಗೇಣು ಮುಂದೆ ಹೋಗಿರುತ್ತಾಳೆ. ಹಲವು ಚಿತ್ರಗಳನ್ನು ಸೇರಿಸುವ ನೈಟ್ ಮೋಡ್ ಅಲುಗದ ವಸ್ತುವಿಗೆ ಸರಿ, ಇವಳಿಗಲ್ಲ. ಕಿಟಕಿಯ ಹತ್ತಿರ ಕರೆದು, ಜೂಮ್ ಮಾಡದೆ ನಾನೇ ಎರಡು ಹೆಜ್ಜೆ ಮುಂದೆ ಹೋಗಿ ಕ್ಲಿಕ್ಕಿಸಿದೆ. ರೆಪ್ಪೆಗಳನ್ನು ಎಣಿಸಬಹುದಿತ್ತು.

ಸರ್ವಿಸ್ ಸೆಂಟರಿನ ಬುಕಿಂಗನ್ನು ಸದ್ದಿಲ್ಲದೆ ರದ್ದು ಮಾಡಿದೆ.