ಗದಗಿನ ಎಡಗೈ ಆಟಗಾರ

ಹುಬ್ಬಳ್ಳಿ ರೈಲಿನಲ್ಲಿ ಕ್ಲಬ್ ಮ್ಯಾಚ್‌ಗೆ ಹೊರಟ ಹುಡುಗನೊಬ್ಬ ಕಿಟ್‌ಬ್ಯಾಗ್ ತಬ್ಬಿಕೊಂಡು ತೂಕಡಿಸುತ್ತಿದ್ದ. ಭಾರತ ಕ್ರಿಕೆಟ್ ತಂಡದಲ್ಲಿ ಎಡಗೈ ಸ್ಪಿನ್ನರ್ ಆಗಿದ್ದ ಸುನಿಲ್ ಜೋಶಿ ನೆನಪಾದರು. ಅವರೂ ನಸುಕಿನಲ್ಲೇ ಗದಗಿನಿಂದ ಹುಬ್ಬಳ್ಳಿಗೆ ಹೋಗಿ, ಪ್ರ್ಯಾಕ್ಟೀಸ್ ಮುಗಿಸಿ, ವಾಪಸ್ ಬಂದು ಶಾಲೆಗೆ ಹೋಗುತ್ತಿದ್ದರಂತೆ.

1999ರ ನೈರೋಬಿ ಪಂದ್ಯ ಎಲ್ಲರಿಗೂ ಗೊತ್ತು: ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್, ಅದರಲ್ಲಿ 6 ಮೇಡನ್ (ಒಂದೂ ರನ್ ಕೊಡದ ಓವರ್), ಕೊಟ್ಟಿದ್ದು 6 ರನ್, 5 ವಿಕೆಟ್. ನನಗೆ ಅದಕ್ಕಿಂತ ದೊಡ್ಡದು 1995-96ರ ರಣಜಿ. ಒಂದೇ ಸೀಸನ್‌ನಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್! 2000ದ ಢಾಕಾ ಟೆಸ್ಟ್‌ನಲ್ಲಿ ಮೊದಲು 5 ವಿಕೆಟ್, ಆಮೇಲೆ ಬ್ಯಾಟ್ ಹಿಡಿದು 92. ಶತಕಕ್ಕೆ ಎಂಟೇ ರನ್ ಬಾಕಿ ಇತ್ತಲ್ಲ, ಇವತ್ತಿಗೂ ಮನಸ್ಸು ಚುರ್ ಅನ್ನುತ್ತೆ.

ಸಿಕ್ಕಿದ್ದು 15 ಟೆಸ್ಟ್ ಮಾತ್ರ. ತಂಡದಲ್ಲಿ ಸ್ಪಿನ್ನರ್ ಆಗಿ ಅನಿಲ್ ಕುಂಬ್ಳೆ ಇದ್ದ ಕಾಲ ಅಂತಾರೆ, ಒಪ್ಪುತ್ತೇನೆ. ಆದರೂ ಇಂಥ ಆಲ್‌ರೌಂಡರ್‌ಗೆ ಇನ್ನಷ್ಟು ಅವಕಾಶ ಕೊಡಲೇಬೇಕಿತ್ತು.