ಹೂಗಳ ಕಣಿವೆಗೆ ಒಂದೇ ಬ್ಯಾಗು: ವಿಮಾನಕ್ಕೂ ಅದೇ, ಏರುದಾರಿಗೂ ಅದೇ

ಉತ್ತರಾಖಂಡದ ಹೂಗಳ ಕಣಿವೆಗೆ ಹೋಗುವವರು ಟೆಂಟು, ಸ್ಲೀಪಿಂಗ್ ಬ್ಯಾಗು, ಅಡುಗೆ ಸಾಮಾನು ಯಾವುದನ್ನೂ ಹೊರಬೇಕಿಲ್ಲ. ಕಣಿವೆಯೊಳಗೆ ರಾತ್ರಿ ಉಳಿಯಲು ಬಿಡುವುದಿಲ್ಲ. ಎಲ್ಲರೂ ಕಣಿವೆಯ ಕೆಳಗಿನ ಘಾಂಗರಿಯಾ ಹಳ್ಳಿಯ ಲಾಡ್ಜಿನಲ್ಲೋ ಗುರುದ್ವಾರದಲ್ಲೋ ಮಲಗಿ, ಬೆಳಿಗ್ಗೆ ಹೋಗಿ ಸಂಜೆಗೆ ವಾಪಸು ಬರುತ್ತಾರೆ. ಹಾಗಿದ್ದೂ ಬೆಂಗಳೂರಿನಿಂದ ಹೊರಡುವ ಅನೇಕರ ಬೆನ್ನ ಮೇಲೆ 60 ಲೀಟರಿನ ಬ್ಯಾಗು, ಎದೆಯ ಮೇಲೆ ಇನ್ನೊಂದು ಚಿಕ್ಕದು. 28ರಿಂದ 32 ಲೀಟರಿನ ಒಂದೇ ಬ್ಯಾಗು ಸಾಕು. ಆದರೆ ಲೀಟರಿನ ಲೆಕ್ಕ ನೋಡಿ ಬ್ಯಾಗು ಕೊಂಡರೆ ಕೆಲಸ ಕೆಡುತ್ತದೆ. ನೋಡಬೇಕಾದ್ದು ಉದ್ದ ಮತ್ತು ಸೊಂಟದ ಪಟ್ಟಿ.

ಮೊದಲು ಉದ್ದ. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಕೈಬ್ಯಾಗಿಗೆ 7 ಕೆ.ಜಿ. ಮಿತಿ, ಮೂರೂ ಕಡೆಯ ಅಳತೆ ಕೂಡಿಸಿದರೆ 115 ಸೆಂ.ಮೀ. ಒಂದು ಕಂಪನಿ 55×35×25 ಎಂದರೆ ಇನ್ನೊಂದು 55×40×20 ಎನ್ನುತ್ತದೆ. ಎರಡರಲ್ಲೂ ಬದಲಾಗದ್ದು 55. ಅಂಗಡಿಯಲ್ಲಿ ಟೇಪು ಹಿಡಿದು ಅಳೆಯಿರಿ, ಖಾಲಿ ಬ್ಯಾಗನ್ನಲ್ಲ, ತುಂಬಿದ್ದನ್ನು. ಮೇಲ್ಮುಚ್ಚಳದ ಜೇಬು ಉಬ್ಬಿದರೆ 52 ಇದ್ದದ್ದು 58 ಆಗುತ್ತದೆ. ಮುಂದಿನ ಜೇಬಿಗೆ ಜರ್ಕಿನ್ ತುರುಕಿದರೆ 20 ಇದ್ದದ್ದು 28. ತಕರಾರು ಬರುವುದು ಹೆಚ್ಚಾಗಿ ಈ ಉಬ್ಬಿನಿಂದಲೇ. ಪಕ್ಕದಲ್ಲಿ ಎಳೆದು ಬಿಗಿಯುವ ಪಟ್ಟಿಗಳಿರುವ ಬ್ಯಾಗಾದರೆ ವಿಮಾನ ಹತ್ತುವ ಮೊದಲು ಅದನ್ನು ತೆಳ್ಳಗೆ ಮಾಡಬಹುದು.

ಎರಡನೆಯದು ಸೊಂಟ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಒಂದು ಮೂಳೆ ಎದ್ದು ಕಾಣುತ್ತದೆ. ಅಲ್ಲಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ಬೆನ್ನುಮೂಳೆಯ ಗುಂಟ ಯಾರಿಂದಲಾದರೂ ಟೇಪು ಹಿಡಿಸಿ. ಅದು ನಿಮ್ಮ ಬೆನ್ನಿನ ಅಳತೆ. ಆರಡಿ ಎತ್ತರದವರಿಗೂ ಬೆನ್ನು ಚಿಕ್ಕದಿರಬಹುದು, ಆದ್ದರಿಂದ ಎತ್ತರ ನೋಡಿ ಅಂದಾಜಿಸಬೇಡಿ. ಬ್ಯಾಗು ಹೊತ್ತಾಗ ಪಟ್ಟಿ ಸೊಂಟದ ಮೂಳೆಯ ಮೇಲೆಯೇ ಕೂರಬೇಕು. ಹೊಟ್ಟೆಯ ಮೇಲೆ ಬಂದರೆ ಬ್ಯಾಗು ನಿಮಗೆ ಗಿಡ್ಡ, ಪೃಷ್ಠಕ್ಕೆ ಬಡಿಯುತ್ತಿದ್ದರೆ ಉದ್ದ. 30 ಲೀಟರಿನ ಎಷ್ಟೋ ಬ್ಯಾಗುಗಳಲ್ಲಿ ಸೊಂಟಕ್ಕೆ ಬರೀ ಒಂದಿಂಚು ಅಗಲದ ಟೇಪಿನಂಥ ಪಟ್ಟಿ ಇರುತ್ತದೆ. ಅದು ಬ್ಯಾಗು ಓಲಾಡದಂತೆ ಹಿಡಿಯುತ್ತದೆ ಅಷ್ಟೇ, ಭಾರ ಹೊರುವುದಿಲ್ಲ. ಮೆತ್ತೆಯಿರುವ ಪಟ್ಟಿಯೇ ಬೇಕು. ಅಂಗಡಿಯಲ್ಲಿ ಆರು ಕೆ.ಜಿ. ತುಂಬಿಸಿಕೊಂಡು ಹದಿನೈದು ನಿಮಿಷ ಓಡಾಡಿ, ಮೆಟ್ಟಿಲಿದ್ದರೆ ಹತ್ತಿ ಇಳಿಯಿರಿ. ಭುಜದ ಪಟ್ಟಿಯಡಿ ಎರಡು ಬೆರಳು ಸಲೀಸಾಗಿ ತೂರಿದರೆ ಭಾರ ಸೊಂಟಕ್ಕೆ ಇಳಿದಿದೆ ಎಂದರ್ಥ.

ಬೆನ್ನಿಗೂ ಬ್ಯಾಗಿಗೂ ನಡುವೆ ಗಾಳಿಯಾಡಲು ಜಾಲರಿ ಕಟ್ಟಿದ ಬ್ಯಾಗುಗಳು ಈಗ ಜನಪ್ರಿಯ. ಕುದುರೆಮುಖದಲ್ಲೋ ಕುಮಾರ ಪರ್ವತದಲ್ಲೋ ಬಿಸಿಲಿಗೆ ಹತ್ತುವಾಗ ಅವು ಹಿತ, ಒಪ್ಪೋಣ. ಆದರೆ ಚೌಕಟ್ಟು ಬಾಗಿರುವುದರಿಂದ ಒಳಗಿನ ಜಾಗ ಬಾಳೆಹಣ್ಣಿನಂತೆ ಡೊಂಕಾಗುತ್ತದೆ, ಭಾರ ಬೆನ್ನಿನಿಂದ ದೂರ ಸರಿದು ಹಿಂದಕ್ಕೆ ಎಳೆಯುತ್ತದೆ, ವಿಮಾನದ ಅಳತೆಯಲ್ಲೂ ನಾಲ್ಕೈದು ಸೆಂ.ಮೀ. ಸುಮ್ಮನೆ ಹಾಳು. ಈ ಪ್ರವಾಸಕ್ಕೆ ಚಪ್ಪಟೆ ಬೆನ್ನಿನದೇ ವಾಸಿ.

ಒಳಗೆ ಏನು, ಎಷ್ಟು ತೂಕ? ಬ್ಯಾಗೇ 1,100 ಗ್ರಾಂ. ಮಳೆ ಕೋಟು, ಪ್ಯಾಂಟು 500. ತೆಳು ಗರಿಯ ಜಾಕೆಟ್ 350, ಉಣ್ಣೆಯಂಥ ಫ್ಲೀಸ್ 300. ಬೇಗ ಒಣಗುವ ಟೀ ಶರ್ಟು ಎರಡಕ್ಕೆ 300, ಪ್ಯಾಂಟು ಒಂದಕ್ಕೆ 350, ಒಳಬಟ್ಟೆ ಮತ್ತು ಮೂರು ಜೊತೆ ಕಾಲುಚೀಲಕ್ಕೆ 350. ಔಷಧಿ, ಸೋಪು, ಬ್ರಶ್ಶು 400. ಪವರ್ ಬ್ಯಾಂಕ್, ಚಾರ್ಜರ್, ತಲೆಗೆ ಕಟ್ಟುವ ಟಾರ್ಚು ಸೇರಿ 460. ಚಪ್ಪಲಿ 350, ಖಾಲಿ ಬಾಟಲಿ 150, ತೆಳು ಟವೆಲು ಮತ್ತು ಮಲಗಲು ಹೊಲಿದ ಬಟ್ಟೆಯ ಚೀಲ 200, ಚಿಕ್ಕಿ-ಒಣಹಣ್ಣು 500. ಒಟ್ಟು 5,310 ಗ್ರಾಂ. ಬೂಟು ಕಾಲಲ್ಲೇ ಇರಲಿ. ಏಳಕ್ಕೆ ಇನ್ನೂ 1.7 ಕೆ.ಜಿ. ಉಳಿಯಿತಲ್ಲ ಎಂದು ಜೀನ್ಸ್ ಸೇರಿಸಬೇಡಿ. ವಾಪಸು ಬರುವಾಗ ಕೋಟು, ಫ್ಲೀಸು, ಕಾಲುಚೀಲ ಎಲ್ಲ ನೆಂದು ತೂಗುತ್ತವೆ, ಆ ಜಾಗ ಮಳೆಯ ನೀರಿಗೆ ಮೀಸಲು.

ಪವರ್ ಬ್ಯಾಂಕು ಚೆಕ್‌ಇನ್ ಸಾಮಾನಿನಲ್ಲಿ ಹೋಗಕೂಡದು, ಕೈಬ್ಯಾಗಿನಲ್ಲೇ ಇರಬೇಕು. ಮಿತಿ 100 ವ್ಯಾಟ್-ಅವರ್; 20,000 ಎಂ.ಎ.ಎಚ್. ಎಂದು ಬರೆದದ್ದು 3.7 ವೋಲ್ಟಿನ ಲೆಕ್ಕದಲ್ಲಿ 74 ಆಗುತ್ತದೆ, ತೊಂದರೆಯಿಲ್ಲ. ಇದನ್ನು ಬ್ಯಾಗಿನ ತಳದಲ್ಲಿ ಹೂಳಬೇಡಿ. ಹುಬ್ಬಳ್ಳಿ, ಮೈಸೂರಿನಂಥ ಕಡೆಯಿಂದ ಎಟಿಆರ್ ಎಂಬ ಚಿಕ್ಕ ವಿಮಾನದಲ್ಲಿ ಬಂದು ಬೇರೆ ವಿಮಾನ ಹಿಡಿಯುವವರಿಗೆ ಇದು ಮುಖ್ಯ. ಅದರ ತಲೆಮೇಲಿನ ಗೂಡು ಚಿಕ್ಕದು, ಕೊನೆ ಗಳಿಗೆಯಲ್ಲಿ ಬ್ಯಾಗು ಕೆಳಗೆ ಹಾಕಿಸಿಬಿಡಬಹುದು. ಆಗ ಪವರ್ ಬ್ಯಾಂಕು ತಟ್ಟನೆ ಕೈಗೆ ಸಿಗಬೇಕು. ನಡಿಗೆಯ ಕೋಲು, ಚಾಕು ಕ್ಯಾಬಿನ್ನಿಗೆ ಬರುವುದಿಲ್ಲ. ಬೆಂಕಿಪೊಟ್ಟಣ, ಲೈಟರು, ಗ್ಯಾಸ್ ಡಬ್ಬಿ ಎಲ್ಲಿಯೂ ಇಲ್ಲ. ಕೋಲಿಗಾಗಿ ಮಾತ್ರ ಬ್ಯಾಗನ್ನು ಚೆಕ್‌ಇನ್ ಮಾಡುವ ಗೋಜು ಬೇಡ, ನಡಿಗೆ ಶುರುವಾಗುವಲ್ಲಿ ಮರದ ಕೋಲು ಸಿಗುತ್ತದೆ. ಚೆಕ್‌ಇನ್ ಮಾಡಲೇಬೇಕಾದರೆ ಸೊಂಟದ ಪಟ್ಟಿಯನ್ನು ಹಿಂದಕ್ಕೆ ತಿರುಗಿಸಿ ಬ್ಯಾಗಿನ ಸುತ್ತ ಬಕಲ್ ಹಾಕಿ, ನೇತಾಡುವ ಪಟ್ಟಿಗಳನ್ನೆಲ್ಲ ಕಟ್ಟಿ. ಕನ್ವೇಯರಿಗೆ ಸಿಕ್ಕಿ ಒಡೆಯುವುದು ಬಕಲ್ಲೇ, ಅದು ಒಡೆದರೆ ಮೆತ್ತೆಯಿದ್ದೂ ಪ್ರಯೋಜನವಿಲ್ಲ.

ಡೆಹ್ರಾಡೂನಿನ ಜಾಲಿ ಗ್ರಾಂಟ್ ನಿಲ್ದಾಣದಿಂದ ಋಷಿಕೇಶ ಸುಮಾರು 20 ಕಿ.ಮೀ. ಅಲ್ಲಿಂದ ಜೋಶಿಮಠಕ್ಕೆ 250 ಕಿ.ಮೀ., ಬೆಟ್ಟದ ದಾರಿಯಾದ್ದರಿಂದ ಇಡೀ ದಿನದ ಪಯಣ. ಜೀಪುಗಳಲ್ಲಿ ದೊಡ್ಡ ಬ್ಯಾಗುಗಳು ಟಾಪಿಗೆ ಹೋಗುತ್ತವೆ, ಟಾರ್ಪಾಲು ಹೊದಿಸಿದರೂ ನೆನೆಯುತ್ತವೆ. 30 ಲೀಟರಿನದು ಕಾಲಬುಡದಲ್ಲೋ ತೊಡೆಯ ಮೇಲೋ ಇರುತ್ತದೆ. ಮಳೆಗಾಲದಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚುವುದು ಮಾಮೂಲು, ವಾಪಸು ವಿಮಾನಕ್ಕೆ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಜೋಶಿಮಠದ ಮುಂದೆ ಸಿಗುವ ಗೋವಿಂದಘಾಟಿನಿಂದ ಪುಲ್ನಾವರೆಗೆ ಜೀಪು, ಮುಂದೆ ಘಾಂಗರಿಯಾಕ್ಕೆ ಸುಮಾರು 10 ಕಿ.ಮೀ. ಏರು. ಪೂರ್ತಿ ತುಂಬಿದ ಬ್ಯಾಗು ಹೊತ್ತು ನಡೆಯುವುದು ಇಲ್ಲಿ ಮಾತ್ರ. ಭಾರದ ವಸ್ತುಗಳು ಬೆನ್ನಿಗೆ ಒತ್ತಿ ನಡುಮಟ್ಟದಲ್ಲಿರಲಿ. ತಳಕ್ಕೆ ಮಲಗುವ ಬಟ್ಟೆ, ಎಲ್ಲಕ್ಕಿಂತ ಮೇಲೆ ಮಳೆ ಕೋಟು.

ಕಣಿವೆ ಜೂನ್ 1ರಿಂದ ಅಕ್ಟೋಬರ್ 31ರವರೆಗೆ ತೆರೆದಿರುತ್ತದೆ. ಹೂವು ತುಂಬಿರುವುದು ಜುಲೈ, ಆಗಸ್ಟಿನಲ್ಲಿ, ಅಂದರೆ ಮಳೆ ಸುರಿಯುವಾಗಲೇ. ಬ್ಯಾಗಿನ ಜೊತೆ ಬರುವ ರೇನ್ ಕವರನ್ನು ನಂಬಿ ಕೂರಬೇಡಿ. ಅದು ಮುಚ್ಚುವುದು ಹೊರಗಿನ ಮೂರು ಕಡೆಯನ್ನು. ಕತ್ತಿನಿಂದ ಇಳಿದ ನೀರು ಬೆನ್ನಿನ ಮೆತ್ತೆ ನೆನೆಸಿ, ಕೆಳಗಿಳಿದು ಕವರಿನ ತಳದಲ್ಲೇ ಕೆರೆಯಾಗುತ್ತದೆ. ತಳದಲ್ಲಿ ನೀರು ಹೋಗಲು ಒಂದು ಸಣ್ಣ ತೂತು ಇದೆಯೇ ನೋಡಿ. ನಿಜವಾದ ರಕ್ಷಣೆ ಒಳಗಿನದು: ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಬ್ಯಾಗಿನೊಳಗೆ ಬಿಡಿಸಿ, ಎಲ್ಲವನ್ನೂ ಅದರಲ್ಲಿ ತುಂಬಿ, ಗಾಳಿ ಹಿಂಡಿ, ಬಾಯಿ ತಿರುಚಿ ಮಡಚಿ. ಮಲೆನಾಡಿನವರಿಗೆ ಕೊಪ್ಪೆ ಗೊತ್ತಲ್ಲ, ತಲೆ, ಬೆನ್ನು ಎರಡನ್ನೂ ಒಟ್ಟಿಗೆ ಮುಚ್ಚುವಂಥದ್ದು. ಬ್ಯಾಗಿನ ಮೇಲಿಂದ ಹಾಕುವ ಪಾಂಚೋ ಅದೇ ಉಪಾಯ. ಗಾಳಿಯಿಲ್ಲದಾಗ ಕೋಟಿಗಿಂತ ಮೇಲು, ಗಾಳಿ ಬಂದರೆ ಹಾರಾಡಿ ಕಾಲು ಇಡುವ ಜಾಗ ಕಾಣದಂತೆ ಮಾಡುತ್ತದೆ.

ಕಣಿವೆಗೆ ಹೋಗುವ ದಿನ ಚಪ್ಪಲಿ, ಒಣಬಟ್ಟೆ, ಚಾರ್ಜರ್ ಲಾಡ್ಜಿನಲ್ಲಿರಲಿ. ಒಳಗೆ ಅಂಗಡಿಯಿಲ್ಲ, ಪರಾಠ ಕಟ್ಟಿಸಿಕೊಂಡು, ಒಂದೂವರೆ ಲೀಟರು ನೀರು ಹೊರಿ. ಬೆಳಿಗ್ಗೆ ಬೇಗ ಹೊರಡಿ, ಮಧ್ಯಾಹ್ನದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ. ಘಾಂಗರಿಯಾದಿಂದಲೇ ಹತ್ತುವ ಸಿಖ್ಖರ ತೀರ್ಥ ಹೇಮಕುಂಡಕ್ಕೂ ಹೋಗುವುದಾದರೆ ಆ ದಿನ ಇನ್ನೂ ಹಗುರ ಮಾಡಿ: ಆರು ಕಿ.ಮೀ. ಕಡಿದಾದ ಏರು, 3,050 ಮೀಟರಿನಿಂದ 4,300ಕ್ಕೂ ಮೇಲಕ್ಕೆ. ದಾರಿಯಲ್ಲಿ ಚಹಾ ಅಂಗಡಿಗಳಿವೆ, ಮೇಲೆ ಗುರುದ್ವಾರದಲ್ಲಿ ಬಿಸಿ ಖಿಚಡಿ. ಒಂದು ಲೀಟರು ನೀರು, ಜಾಕೆಟ್, ಮಳೆ ಕೋಟು, ಒಣ ಕಾಲುಚೀಲ ಸಾಕು. ಬ್ಯಾಗು ಅರ್ಧ ಖಾಲಿಯಾಗಿರುವಾಗ ಪಕ್ಕದ ಪಟ್ಟಿಗಳನ್ನು ಬಿಗಿಯದಿದ್ದರೆ ಸಾಮಾನು ತಳಕ್ಕೆ ಜಾರಿ, ಇಳಿಯುವಾಗ ಹೆಜ್ಜೆಗೊಮ್ಮೆ ಸೊಂಟಕ್ಕೆ ಬಡಿಯುತ್ತದೆ. ತಲೆ ಸಿಡಿದು ವಾಂತಿ ಬರುವಂತಾದರೆ ಹಟ ಹಿಡಿಯದೆ ಇಳಿದುಬಿಡಿ.

ಊರಿಗೆ ಬಂದ ದಿನವೇ ಬ್ಯಾಗನ್ನು ಪೂರ್ತಿ ಖಾಲಿ ಮಾಡಿ, ನೀರು, ಸ್ವಲ್ಪ ಸೋಪು ಹಾಕಿ ಕೈಯಲ್ಲಿ ಉಜ್ಜಿ. ವಾಷಿಂಗ್ ಮೆಷಿನ್ ಬೇಡ. ಜಿಪ್ಪುಗಳನ್ನೆಲ್ಲ ತೆರೆದು ನೆರಳಲ್ಲಿ ಎರಡು ದಿನ ನೇತುಹಾಕಿ. ಒದ್ದೆಯಿದ್ದಾಗಲೇ ಅಟ್ಟಕ್ಕೆ ಎಸೆದರೆ, ಅದೂ ಕರಾವಳಿಯ ಸೆಕೆಯಲ್ಲಿ, ಒಳಗಿನ ನೀರುತಡೆ ಲೇಪ ಕೆಲವೇ ವರ್ಷಗಳಲ್ಲಿ ಅಂಟಂಟಾಗಿ ಸಿಪ್ಪೆ ಏಳುತ್ತದೆ, ಹುಳಿ ವಾಸನೆ ಹಿಡಿಯುತ್ತದೆ. ಹಾಗಾದ ಬ್ಯಾಗನ್ನು ತೊಳೆದು ಸರಿಮಾಡಲು ಆಗುವುದಿಲ್ಲ.